ನೂರಕ್ಕೆ ಹತ್ತರೊಳಗೆ

ಜನವರಿ ೬

ಪಂಡಿತ,

ನಿನ್ನ ಕಾಗದ ಗುರುವಾರ ಸಂಸ್ಥೆಯ ಸಾಮಾನು ಗಾಡಿಯಲ್ಲಿ ಬಂತು. ಪ್ಲಾಸ್ಟರ್ ಪುಡಿಯ ಮೂಟೆಗಳ ಅಡಿಗೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಅಕ್ಕ ಹೇಗಿದ್ದಾಳೆ ಅಂತ ಕೇಳುವುದಕ್ಕೆ ಒಂದು ಸಾಲು, ದಾನಿಗಳಿಗೆ ಕಳಿಸಲು ಮನಮುಟ್ಟುವ ಕಥೆ ಬೇಕು ಅನ್ನುವುದಕ್ಕೆ ಎರಡು ಪುಟ! ಸಮುದ್ರದಾಚೆಯ ಹೆಡ್ ಆಫೀಸು ಸೇರಿ ಆರು ವರ್ಷವಾಯಿತು, ನಿನ್ನ ಬುದ್ಧಿ ಮಾತ್ರ ಹಾಗೇ ಇದೆ. ಚಿಕ್ಕವನಿದ್ದಾಗಲೂ ಅಷ್ಟೆ, ಕಾಸು ಬೇಕಾದರೆ ಮೊದಲು ನನ್ನ ಜಡೆ ಚೆನ್ನಾಗಿದೆ ಅನ್ನುತ್ತಿದ್ದೆ.

ಕಥೆ ಕೇಳಿದೆಯಲ್ಲ, ಹೇಳುತ್ತೇನೆ. ನಮ್ಮ ಕಾರ್ಯಾಗಾರದಲ್ಲಿ ಎರಡು ಕಡೆ ಕೆಲಸ ನಡೆಯುತ್ತದೆ, ನಿನಗೆ ಗೊತ್ತಿದೆ. ಒಂದು ಕಡೆ ಹೊಸ ಕಾಲು ಮಾಡುತ್ತೇವೆ. ಬಾಗಿಲ ಹತ್ತಿರದ ಉದ್ದನೆಯ ಮೇಜಿನಲ್ಲಿ ರಿಪೇರಿ. ಫೋಟೋ ತೆಗೆಯಲು ಬಂದವರೆಲ್ಲ ಹೊಸ ಕಾಲಿನ ಕಡೆಗೇ ಓಡುತ್ತಾರೆ. ನನಗೆ ರಿಪೇರಿ ಮೇಜೇ ಇಷ್ಟ. ಕೃತಕ ಕಾಲು ಅಂದರೆ ಒಂದು ಸಲ ಕೊಟ್ಟು ಕೈ ತೊಳೆದುಕೊಳ್ಳುವ ವಸ್ತುವಲ್ಲ. ಬೆಲ್ಟು ಹರಿಯುತ್ತದೆ, ಮಂಡಿಯ ಬೋಲ್ಟು ಸಡಿಲವಾಗುತ್ತದೆ, ಮನುಷ್ಯ ಸ್ವಲ್ಪ ಸೊರಗಿದರೂ ಅಳತೆ ತಪ್ಪುತ್ತದೆ. ಬೆಲ್ಟು ಹೊಲಿಯುವ ನಮ್ಮ ಪಟ್ಟಿ ಮಾಮ ಹೇಳುವ ಹಾಗೆ, "ಕಾಲು ಕೊಡೋದು ಮದುವೆ ಮಾಡಿದಂಗೆ ಕಣಮ್ಮ, ರಿಪೇರಿ ಅನ್ನೋದು ಸಂಸಾರ." ರಿಪೇರಿಗೆ ಬಾರದ ಕಾಲು ಯಾವುದು ಗೊತ್ತಾ? ಮನೆಯ ಮೂಲೆಯಲ್ಲಿ ಧೂಳು ಹಿಡಿದು ನಿಂತಿರುವ ಕಾಲು.

ಟೈಲರಮ್ಮ ಅಂತ ಒಬ್ಬಳಿದ್ದಾಳೆ. ಬಸ್ ನಿಲ್ದಾಣದ ಹಿಂದೆ ಮಹಡಿಯ ಒಂದೇ ಕೋಣೆಯಲ್ಲಿದ್ದುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಒಂಬತ್ತು ವರ್ಷದ ಹಿಂದೆ ಬಲಗಾಲನ್ನು ನಾನೇ ಮಾಡಿಕೊಟ್ಟೆ. ಪ್ರತಿ ತಿಂಗಳ ಮೊದಲ ಸೋಮವಾರ ಬಂದು, "ಏನೇ ಕಾಲಮ್ಮ, ಮಂಡಿ ಕಿರುಗುಟ್ಟುತ್ತೆ ನೋಡೇ" ಅನ್ನುತ್ತಾಳೆ. ಕಿರುಗುಟ್ಟುವುದಿಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ನಾನು ಸ್ಪ್ಯಾನರ್ ತಂದು ಬೋಲ್ಟು ಅರ್ಧ ಸುತ್ತು ಬಿಗಿ ಮಾಡುತ್ತೇನೆ. ಆಮೇಲೆ ಇಬ್ಬರೂ ಟೀ ಕುಡಿಯುತ್ತಾ ಊರನ್ನೆಲ್ಲ ಆಡಿಕೊಳ್ಳುತ್ತೇವೆ. ಈ ಊರಲ್ಲಿ ನನ್ನನ್ನು ಏಕವಚನದಲ್ಲಿ ಕರೆಯುವ ಪ್ರಾಣಿ ಅವಳೊಬ್ಬಳೇ.

ಮಾರ್ಚಿಗೆ ಹಳೆಯ ದಾನಿಗಳ ದುಡ್ಡು ಮುಗಿಯುತ್ತದೆ ಅಂತ ಇಲ್ಲಿ ಎಲ್ಲರ ಮುಖವೂ ಬಾಡಿದೆ. ಮೂವತ್ತು ಜನ, ಮೂವತ್ತು ಸಂಸಾರ. ಉಸ್ತುವಾರಿ ಅಂತ ಎಲ್ಲರೂ ನನ್ನನ್ನೇ ಕೇಳುತ್ತಾರೆ. ನಾನು ನಿನ್ನನ್ನು ಕೇಳುತ್ತೇನೆ.

ಅಕ್ಕ


ಜನವರಿ ೨೮

ಪ್ರೀತಿಯ ಅಕ್ಕ,

ಯೋಗಕ್ಷೇಮ ಮೊದಲು: ನೀನು ಹೇಗಿದ್ದೀಯ? ಬೆನ್ನುನೋವು ಹೇಗಿದೆ? ನಾನು ಕಳಿಸಿದ ಬೂದು ಸ್ವೆಟರನ್ನು ಈಗಲೂ ಬೇಸಿಗೆ, ಚಳಿ ಅನ್ನದೆ ಹಾಕಿಕೊಳ್ಳುತ್ತೀಯಾ? ನೋಡು, ಮೂರು ಸಾಲಾಯಿತು. ಇನ್ನು ಬೈಯಬೇಡ.

ಹೊಸ ದಾನಿಗಳು ಸಿಗುವ ಹಾಗೆ ಕಾಣುತ್ತಿದೆ. ಒಂದು ಕುಟುಂಬದವರು ನಡೆಸುವ ನಿಧಿ. ಅಲ್ಲಿ ಎಲ್ಲವನ್ನೂ ನೋಡಿಕೊಳ್ಳುವವರು ಒಬ್ಬ ವಯಸ್ಸಾದ ಹೆಂಗಸು. ಒಂದೇ ಒಂದು ಸಲ ಭೇಟಿಯಾದೆ, ಅರ್ಧ ಗಂಟೆ. ಹೆಚ್ಚು ಮಾತಾಡಲಿಲ್ಲ, ಬರೆದುಕೊಂಡು ಬನ್ನಿ ಅಂದರು. ನಮ್ಮ ಜೊತೆ ಇನ್ನೂ ಏಳು ಸಂಸ್ಥೆಗಳು ಬಾಗಿಲು ತಟ್ಟುತ್ತಿವೆ. ಹಾಗಾಗಿ ನಮ್ಮ ಪ್ರಸ್ತಾವನೆ ಬೆಣ್ಣೆಯಿಂದ ಕೂದಲು ತೆಗೆದ ಹಾಗಿರಬೇಕು.

ಟೈಲರಮ್ಮನ ಕಥೆ ತುಂಬಾ ಚೆನ್ನಾಗಿತ್ತು. ಇಲ್ಲಿ ಇಬ್ಬರಿಗೆ ಓದಿ ಹೇಳಿದೆ. ಪ್ರಸ್ತಾವನೆಯಲ್ಲಿ ಹಾಕಿದ್ದೇನೆ. ಸ್ವಲ್ಪ ಕತ್ತರಿಸಬೇಕಾಯಿತು. ತಿಂಗಳಿಗೊಮ್ಮೆ ಬರುವುದು, ಕಿರುಗುಟ್ಟುವುದು, ಟೀ, ಇವನ್ನೆಲ್ಲ ತೆಗೆದು 'ಕಾಲು ಪಡೆದ ದಿನದಿಂದ ಈಕೆಗೆ ಯಾರ ಆಸರೆಯೂ ಬೇಕಾಗಿಲ್ಲ' ಎಂದು ಮುಗಿಸಿದೆ. ಓದುವವರಿಗೆ ಕೊನೆ ಬೇಕು ಅಕ್ಕ. ಪ್ರತಿ ತಿಂಗಳೂ ಬರುತ್ತಿದ್ದರೆ ಕಥೆ ಮುಗಿಯುವುದೆಲ್ಲಿ?

ನಾನು ಚೆನ್ನಾಗಿದ್ದೇನೆ. ಐದನೇ ಮಹಡಿಯ ಕೋಣೆ ಬೆಚ್ಚಗಿದೆ. ಶನಿವಾರ, ಭಾನುವಾರ ಪೂರ್ತಿ ಪ್ರಸ್ತಾವನೆ ಬರೆಯುತ್ತಾ ಕೂತಿದ್ದೆ. ಸೋಮವಾರ ಬೆಳಿಗ್ಗೆ ಲಿಫ್ಟಿನಲ್ಲಿ ಯಾರೋ ಗುಡ್ ಮಾರ್ನಿಂಗ್ ಅಂದಾಗ ಗಂಟಲಿನಿಂದ ಸ್ವರವೇ ಹೊರಡಲಿಲ್ಲ, ಎರಡು ದಿನ ಬಾಯಿ ಬಿಟ್ಟಿರಲಿಲ್ಲ ನೋಡು. ನಗು ಬಂತು.

ನಿನ್ನ ಪಂಡಿತ


ಫೆಬ್ರವರಿ ೨೦

ಪಂಡಿತ,

ಯಾರ ಆಸರೆಯೂ ಬೇಡವಂತೆ! ಟೈಲರಮ್ಮನಿಗೆ ಓದಿ ಹೇಳಿದೆ. "ಅಯ್ಯೋ, ನಿನ್ನ ತಮ್ಮ ನನ್ನನ್ನ ಸನ್ಯಾಸಿನಿ ಮಾಡಿಬಿಟ್ನಲ್ಲೇ" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಟ್ಟಿ ಮಾಮನಿಗೆ ಸಿಟ್ಟು ಬಂತು. "ನಂದೇನು ಕೆಲಸ ಹಂಗಾದ್ರೆ?" ಅಂದ.

ದುಡ್ಡು ಬರುವುದಾದರೆ ಸನ್ಯಾಸಿನಿಯಾಗಲೂ ತಯಾರು ಅಂತ ಅವಳೇ ಹೇಳಿದ್ದಾಳೆ. ಬೇಗ ಸುದ್ದಿ ಕಳಿಸು. ಇಲ್ಲಿ ಮೊನ್ನೆ ಪ್ಲಾಸ್ಟರ್ ಕೆಲಸದವಳು ಬೇರೆ ಕಡೆ ಕೆಲಸ ಹುಡುಕಲೇ ಅಂತ ಕೇಳಿದಳು, ಬೇಡ ಅಂತಲೂ ಹೇಳಲಾಗಲಿಲ್ಲ, ಹುಡುಕು ಅಂತಲೂ ಹೇಳಲಾಗಲಿಲ್ಲ.

ಎರಡು ದಿನ ಬಾಯಿ ಬಿಡದೆ ಇರಬೇಡ. ಗೋಡೆಗಾದರೂ ಬೈ.

ಅಕ್ಕ


ಮಾರ್ಚ್ ೩೦

ಅಕ್ಕ,

ಗೆದ್ದೆವು! ಐದು ವರ್ಷಕ್ಕೆ ಮಂಜೂರಾಗಿದೆ. ಎಂಟು ಸಂಸ್ಥೆಗಳಲ್ಲಿ ನಮಗೇ ಕೊಟ್ಟರು. ಮೂವತ್ತು ಜನರ ಸಂಬಳಕ್ಕೆ ತೊಂದರೆಯಿಲ್ಲ. ಹೋಗಿ ಎಲ್ಲರಿಗೂ ಹೇಳು, ಆ ಪ್ಲಾಸ್ಟರ್ ಕೆಲಸದವಳಿಗೆ ಮೊದಲು ಹೇಳು.

ಇದರ ಜೊತೆ ಹೊಸ ಫಾರಂ ಇದೆ. ತಿಂಗಳಿಗೊಮ್ಮೆ ತುಂಬಿ ಕಳಿಸಬೇಕು. ವರ್ಷಕ್ಕೆ ನಾನ್ನೂರು ಹೊಸ ಕಾಲು, ಅದು ನಿನಗೆ ಕಷ್ಟವಲ್ಲ. ಇನ್ನೊಂದು ಸಾಲಿದೆ. ಕಾಲು ಪಡೆದವರಲ್ಲಿ ಮತ್ತೆ ಕಾರ್ಯಾಗಾರಕ್ಕೆ ಬರುವವರು ನೂರಕ್ಕೆ ಹತ್ತರೊಳಗೆ ಇರಬೇಕು. ಕಾಲು ಗಟ್ಟಿಯಾಗಿದೆ, ಜನ ಸ್ವತಂತ್ರರಾಗಿದ್ದಾರೆ ಅನ್ನುವುದಕ್ಕೆ ಅದು ಪುರಾವೆ. ಗೇಟಿನ ರಿಜಿಸ್ಟರಿನಲ್ಲಿ ಹೆಸರು ಬರೆಸಿ ಒಳಗೆ ಬಂದ ಹಳಬರೆಲ್ಲ ಆ ಲೆಕ್ಕಕ್ಕೆ ಸೇರುತ್ತಾರೆ. ಹತ್ತು ದಾಟಿದರೆ ಎರಡನೇ ವರ್ಷದ ಕಂತು ನಿಲ್ಲಬಹುದು.

ನೀನು ಹುಬ್ಬು ಗಂಟು ಹಾಕುವುದು ನನಗೆ ಇಲ್ಲಿಂದಲೇ ಕಾಣಿಸುತ್ತಿದೆ. ಷರತ್ತು ದಾನಿಗಳದು ಅಕ್ಕ, ಕೊಡುವವರ ಕೈ ಯಾವಾಗಲೂ ಮೇಲೆ. ನಮ್ಮಿಂದ ಏನು ಮಾಡಲಾಗುತ್ತದೆ? ಹೇಗಾದರೂ ಸಂಭಾಳಿಸು. ನೀನು ಸಂಭಾಳಿಸದ್ದು ಯಾವುದಿದೆ?

ನಿನ್ನ ಪಂಡಿತ


ಏಪ್ರಿಲ್ ೨೪

ಪಂಡಿತ,

ಸಂಬಳದ ಸುದ್ದಿ ಹೇಳಿದ ದಿನ ಇಲ್ಲಿ ಎಲ್ಲರೂ ಅತ್ತರು. ನಾನೂ ಅತ್ತೆ. ಆ ಋಣ ಮರೆಯುವುದಿಲ್ಲ.

ಆದರೆ ಆ ಸಾಲು! ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅನ್ನುತ್ತಾರೆ. ಇಲ್ಲಿ ಕೊಟ್ಟವರೇ ನಮ್ಮ ಹಲ್ಲು ಹಿಡಿದು ನೋಡುತ್ತಿದ್ದಾರೆ. ನಡೆದವನ ಕಾಲು ಸವೆಯುತ್ತದೆ, ಸವೆದವನು ಬರುತ್ತಾನೆ. ಬರುವವನೇ ನಮ್ಮ ಪುರಾವೆ. ಬಾರದವನ ಮನೆಗೆ ಹೋಗಿ ನೋಡಿದರೆ ಕಾಲು ಅಟ್ಟದ ಮೇಲಿರುತ್ತದೆ. ಇದನ್ನು ನೀನು ಅವರಿಗೆ ಹೇಳಲಿಲ್ಲವೇ? ನೀನೂ ಇದೇ ಕಾರ್ಯಾಗಾರದಲ್ಲಿ ನಾಲ್ಕು ವರ್ಷ ಗುಮಾಸ್ತನಾಗಿದ್ದವನು.

ಸಿಬ್ಬಂದಿಯನ್ನು ಕೂರಿಸಿಕೊಂಡು ಮಾತಾಡಿದೆ. ನೂರಕ್ಕೆ ಅರವತ್ತು ಜನ ವರ್ಷದಲ್ಲಿ ಒಮ್ಮೆಯಾದರೂ ಬರುತ್ತಾರೆ. ಅದನ್ನು ಹತ್ತಕ್ಕೆ ಇಳಿಸಬೇಕು. ಎಲ್ಲರೂ ಗೇಟಿನ ಕಡೆ ನೋಡಿದರು. ಒಳಗೆ ಬಂದರೆ ತಾನೆ ಲೆಕ್ಕ?

ವಾಚ್‌ಮನ್‌ಗೆ ಹೇಳಿಕೊಟ್ಟಿದ್ದೇವೆ. ಹಳಬರು ಬಂದರೆ, ಮೂಳೆಗೆ ಪೆಟ್ಟಾಗಿದ್ದರೆ, ಗಾಯವಾಗಿದ್ದರೆ ಮಾತ್ರ ಒಳಗೆ. ಉಳಿದವರಿಗೆ ಮುಂದಿನ ತಿಂಗಳು ಬನ್ನಿ ಅಂತ ಒಂದು ಚೀಟಿ. ರಿಪೇರಿ ಮೇಜನ್ನು ಹಿಂದಿನ ಶೆಡ್ಡಿಗೆ ಹಾಕಿಸಿದೆ. ಪಟ್ಟಿ ಮಾಮನನ್ನು ಹೊಸ ಕಾಲಿನ ಕಡೆಗೆ ಕಳಿಸಿ ಸ್ಪಂಜು ಕತ್ತರಿಸಲು ಹೇಳಿದ್ದೇನೆ. ಮೂವತ್ತೈದು ವರ್ಷ ಚರ್ಮ ಹೊಲಿದ ಕೈ ಅದು. ಕತ್ತರಿ ಹಿಡಿದು ನನ್ನ ಮುಖ ನೋಡಿದ. "ಆಗಲಿ ಬಿಡಮ್ಮ" ಅಂದ.

ನಾನು ಮಾಡುತ್ತಿರುವುದು ಸರಿಯಲ್ಲ ಅಂತ ನನಗೆ ಗೊತ್ತಿದೆ. ಮೂವತ್ತು ಮನೆಯ ಒಲೆ ಉರಿಯಬೇಕು ಅಂತಲೂ ಗೊತ್ತಿದೆ. ಎರಡರಲ್ಲಿ ಯಾವುದು ದೊಡ್ಡದು ಅಂತ ನಿನ್ನ ಫಾರಂನಲ್ಲಿ ಬರೆದಿಲ್ಲ.

ಅಕ್ಕ


ಜುಲೈ ೨

ಅಕ್ಕ, ನನ್ನ ಮುದ್ದು ಅಕ್ಕ,

ನೂರಕ್ಕೆ ಒಂಬತ್ತು! ಎರಡನೇ ತಿಂಗಳಿಗೇ ಒಂಬತ್ತು! ನಿನ್ನ ಫಾರಂ ಬಂದ ದಿನ ನಿರ್ದೇಶಕರು ತಾವಾಗಿಯೇ ನನ್ನ ಮೇಜಿನ ಹತ್ತಿರ ಬಂದು ಕೈಕುಲುಕಿದರು. ಸಂಸ್ಥೆ ನಡೆಸುವ ಹದಿನಾಲ್ಕು ಕಾರ್ಯಾಗಾರಗಳಲ್ಲಿ ನಿನ್ನದೇ ಮೊದಲು. ಉಳಿದವರಿಗೂ ಇದೇ ಸಾಲನ್ನು ಗುರಿಯಾಗಿ ಕೊಡಬೇಕೆಂದು ತೀರ್ಮಾನವಾಗಿದೆ. ಮುಂದಿನ ತಿಂಗಳು ಒಂದು ದೊಡ್ಡ ಸಭೆಯಲ್ಲಿ ಈ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದಾರೆ. ನನ್ನನ್ನು! ಕಾರ್ಯಾಗಾರದ ಗುಮಾಸ್ತನನ್ನು! ಬಡ್ತಿಯ ಮಾತೂ ಕಿವಿಗೆ ಬಿದ್ದಿದೆ.

ಮೇ, ಜೂನ್ ಎರಡೂ ತಿಂಗಳು ನಿನ್ನಿಂದ ಫಾರಂ ಮಾತ್ರ ಬಂತು, ಕಾಗದ ಬರಲಿಲ್ಲ. ಕೆಲಸ ಮೈಮೇಲೆ ಬಿದ್ದಿರಬೇಕು. ಅದೂ ಒಳ್ಳೆಯದೇ. ಏನು ಮಾಡಿ ಒಂಬತ್ತಕ್ಕೆ ಇಳಿಸಿದೆ, ಬರಿ. ಬೆಲ್ಟು ಬೇರೆ ಜಾತಿಯದು ಹಾಕಿದಿರಾ? ಬೋಲ್ಟು ಬದಲಾಯಿಸಿದಿರಾ? ಸಭೆಯಲ್ಲಿ ಹೇಳಲು ಬೇಕು.

ನಿನ್ನ ಪಂಡಿತ


ಜುಲೈ ೨೬

ಪಂಡಿತ,

ಬೆಲ್ಟು ಹಳೆಯದೇ. ಬೋಲ್ಟೂ ಹಳೆಯದೇ. ಏಪ್ರಿಲ್ ಕಾಗದ ಇನ್ನೊಮ್ಮೆ ಓದು.

ಕಾರ್ಯಾಗಾರ ಈಗ ತುಂಬಾ ಶಾಂತವಾಗಿದೆ. ಸೋಮವಾರವೂ ಮಂಗಳವಾರದ ಹಾಗೇ ಇರುತ್ತದೆ.

ಅಕ್ಕ


ಸೆಪ್ಟೆಂಬರ್ ೫

ಅಕ್ಕ,

ನಿನ್ನ ಕಾಗದಗಳು ತಂತಿ ಸಂದೇಶದ ಹಾಗೆ ಆಗಿವೆ. ಬೆನ್ನುನೋವು ಜಾಸ್ತಿಯಾಗಿದೆಯಾ? ಮುಚ್ಚಿಡಬೇಡ. ಈ ಗಾಡಿಯಲ್ಲಿ ಒಂದು ಮುಲಾಮು, ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಶಾಂತವಾಗಿದೆ ಅಂತ ಬರೆದದ್ದು ಓದಿ ಸಮಾಧಾನವಾಯಿತು. ಇಷ್ಟು ವರ್ಷ ಆ ಗದ್ದಲದಲ್ಲಿ ದುಡಿದಿದ್ದೀಯ, ಸ್ವಲ್ಪ ಆರಾಮ ನಿನಗೂ ಬೇಕಿತ್ತು.

ಬಡ್ತಿ ಬಂತು. ಈಗ ನನಗೆ ಬಾಗಿಲಿರುವ ಬೇರೆ ಕೋಣೆ. ಬಾಗಿಲು ಹಾಕಿಕೊಂಡರೆ ಯಾರೂ ಬರುವುದಿಲ್ಲ. ತೆರೆದಿಟ್ಟರೂ ಬರುವುದಿಲ್ಲ ಅನ್ನು.

ಒಂದು ಕೆಲಸ ಆಗಬೇಕು. ವಾರ್ಷಿಕ ಪುಸ್ತಕಕ್ಕೆ ನಿನ್ನ ಟೈಲರಮ್ಮನ ಫೋಟೋ ಬೇಕು. ಹೊಲಿಗೆ ಯಂತ್ರದ ಮುಂದೆ ಕೂತು ನಗುತ್ತಿರುವ ಹಾಗೆ. ದಾನಿ ಹಿರಿಯಮ್ಮನಿಗೆ ಅವಳ ಕಥೆ ಬಹಳ ಹಿಡಿಸಿತ್ತಂತೆ. ಕಿರುಗುಟ್ಟುವ ಮಂಡಿಯನ್ನು ವಿಚಾರಿಸಿದೆ ಅಂತ ಹೇಳು ಅವಳಿಗೆ.

ನಿನ್ನ ಪಂಡಿತ


ಸೆಪ್ಟೆಂಬರ್ ೨೯

ಪಂಡಿತ,

ಫೋಟೋ ಸಿಗುವುದಿಲ್ಲ. ಯಾಕೆ ಅಂತ ಬರೆಯುತ್ತೇನೆ. ಇಷ್ಟು ದಿನ ಬರೆಯದೆ ಇದ್ದದ್ದು ನಾಚಿಕೆಯಿಂದ.

ಮೇ ತಿಂಗಳ ಮೊದಲ ಸೋಮವಾರ ಟೈಲರಮ್ಮ ಬಂದಳು. ವಾಚ್‌ಮನ್ ಅವಳನ್ನು ತಡೆಯಲಾರದೆ ನನ್ನ ಹತ್ತಿರ ಓಡಿಬಂದ. "ಏನ್ ಹೇಳ್ಲಿ ಮೇಡಂ?" ಅಂದ. ಆ ತಿಂಗಳ ಲೆಕ್ಕ ಆಗಲೇ ಒಂಬತ್ತಕ್ಕೆ ಬಂದಿತ್ತು. ನಾನು ಇಲ್ಲ ಅಂತ ಹೇಳು ಅಂದೆ.

ಅವಳು ಹೋಗಲಿಲ್ಲ. ಗೇಟಿನಾಚೆ ಒಂದು ಕಟ್ಟೆ ಇದೆ, ಅಲ್ಲಿ ಕೂತಳು. ಕಿಟಕಿಯಿಂದ ನನಗೆ ಕಾಣಿಸುತ್ತಿತ್ತು. ಒಂದು ಗಂಟೆ ಕೂತಿದ್ದಳು, ಬಿಸಿಲಿನಲ್ಲಿ. ಹೊರಗೆ ಹೋಗಿ ಮಾತಾಡಿಸಬಹುದಿತ್ತು. ಹೋದರೆ ಮಂಡಿ ನೋಡೇ ಅನ್ನುತ್ತಾಳೆ, ನೋಡಿದರೆ ಬರೆಯಬೇಕು, ಬರೆದರೆ ಹತ್ತಾಗುತ್ತದೆ. ಹೀಗೆ ಲೆಕ್ಕ ಹಾಕುತ್ತಾ ನಾನು ಕಿಟಕಿಯ ಪಕ್ಕಕ್ಕೆ ಸರಿದು ನಿಂತೆ. ನನ್ನ ಸ್ನೇಹಿತೆಯಿಂದ ನಾನು ಬಚ್ಚಿಟ್ಟುಕೊಂಡೆ, ಪಂಡಿತ, ಐವತ್ತೆರಡು ವರ್ಷದ ಹೆಂಗಸು.

ಜೂನ್‌ನಲ್ಲಿ ಮತ್ತೆ ಬಂದಳು. ಮತ್ತೆ ಅದೇ. ಆ ಸಲ ಅವಳ ಮಂಡಿ ನಿಜವಾಗಿಯೂ ಸಡಿಲವಾಗಿತ್ತಂತೆ. ಪಟ್ಟಿ ಮಾಮ ನೋಡಿ, ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಬಿಗಿ ಮಾಡುತ್ತೇನೆ ಅಂತ ಸ್ಪ್ಯಾನರ್ ತೆಗೆದುಕೊಂಡು ಹೊರಟ. ಸಾಮಾನು ಗೇಟು ದಾಟಬಾರದು ಅಂತ ನಿಯಮ. ಉಸ್ತುವಾರಿ ನಾನು. ತಡೆದೆ. ಎಲ್ಲರ ಎದುರಿಗೆ ತಡೆದೆ. ಮಾಮ ಸ್ಪ್ಯಾನರನ್ನು ನನ್ನ ಮೇಜಿನ ಮೇಲಿಟ್ಟು, "ಇದನ್ನೂ ನೀನೇ ಇಟ್ಕೋ" ಅಂತ ಮನೆಗೆ ಹೋದವನು ತಿರುಗಿ ಬಂದಿಲ್ಲ.

ಆಗಸ್ಟ್‌ನಲ್ಲಿ ಟೈಲರಮ್ಮ ಮಹಡಿಯ ಮೆಟ್ಟಿಲಿಳಿಯುವಾಗ ಮಂಡಿ ಕೈಕೊಟ್ಟು ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಸೊಟ್ಟಗೆ ಕೂಡಿಕೊಂಡಿದೆಯಂತೆ, ಕತ್ತರಿ ಹಿಡಿಯಲಾಗುವುದಿಲ್ಲ. ಶಾಲೆಯವರು ಸಮವಸ್ತ್ರದ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಇದೆಲ್ಲ ನನಗೆ ಗೊತ್ತಾದದ್ದು ಮೊನ್ನೆ, ಸಂತೆಯಲ್ಲಿ ಮಾಮ ಸಿಕ್ಕಾಗ. ಹೇಳಿ, ನನ್ನ ಉತ್ತರಕ್ಕೆ ಕಾಯದೆ ಹೋದ.

ಮೂಳೆ ಮುರಿದ ಮೇಲೆ ಬಂದಿದ್ದರೆ ಒಳಗೆ ಬಿಡಬಹುದಿತ್ತು ಅಂತ ನನ್ನ ತಲೆಗೆ ಮೊದಲು ಬಂದದ್ದು. ನನಗೆ ಏನಾಗಿದೆ ನೋಡು.

ಆ ಷರತ್ತು ಹಾಕಿದ ಹೆಂಗಸಿನ ವಿಳಾಸ ಕೊಡು. ನಾನು ಬರೆಯುತ್ತೇನೆ. ದುಡ್ಡು ನಿಂತರೆ ನಿಲ್ಲಲಿ. ವಿಳಾಸ ಕೊಡು, ಅಷ್ಟೆ.

ಅಕ್ಕ


ನವೆಂಬರ್ ೧೦

ಅಕ್ಕ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಎಂಟು ಸಲ ಉತ್ತರ ಬರೆದು ಹರಿದೆ. ನನ್ನ ಬರವಣಿಗೆಯೇ ನನಗೆ ಹೇಸಿಗೆಯಾಗಿದೆ. ಪ್ರತಿ ಸಲವೂ ಎರಡನೇ ಸಾಲಿಗೆ ಅದು ನನ್ನನ್ನು ಒಳ್ಳೆಯವನನ್ನಾಗಿ ಮಾಡಿಬಿಡುತ್ತದೆ.

ನೇರವಾಗಿ ಹೇಳುತ್ತೇನೆ. ಆ ಷರತ್ತು ದಾನಿಗಳದಲ್ಲ. ನನ್ನದು.

ಜನವರಿಯಲ್ಲಿ ಆ ಹಿರಿಯಮ್ಮ ಬರೆದುಕೊಂಡು ಬನ್ನಿ ಅಂದರಲ್ಲ, ಅವರಿಗೆ ಏನು ಇಷ್ಟವಾಗಬಹುದು ಅಂತ ನಾನೇ ಊಹೆ ಮಾಡಿದೆ. ದಾನಿಗಳಿಗೆ ಮುಗಿದ ಕೆಲಸ ಇಷ್ಟ, ಮುಗಿಯದ ಕೆಲಸ ಇಷ್ಟವಿಲ್ಲ ಅನ್ನುವುದು ಈ ಕಟ್ಟಡದಲ್ಲಿ ಎಲ್ಲರೂ ನಂಬುವ ಮಾತು. ಯಾರೂ ಯಾವ ದಾನಿಯನ್ನೂ ಕೇಳಿ ನೋಡಿದವರಲ್ಲ. ನೂರಕ್ಕೆ ಹತ್ತು ಅನ್ನುವ ಸಂಖ್ಯೆ ಎಲ್ಲಿಂದ ಬಂತು ಗೊತ್ತಾ? ಇಪ್ಪತ್ತು ಅಂತ ಬರೆದಿದ್ದೆ. ಹತ್ತು ಅಂದರೆ ಇನ್ನೂ ಚೆನ್ನಾಗಿ ಕಾಣುತ್ತದೆ ಅನಿಸಿತು. ಎರಡನೇ ಕಂತು ನಿಲ್ಲಬಹುದು ಅಂತ ಬರೆದದ್ದೂ ನಾನೇ, ನಮ್ಮ ಗುರಿ ಬಗ್ಗೆ ನಮಗೆಷ್ಟು ಧೈರ್ಯ ನೋಡಿ ಅಂತ ತೋರಿಸಲು. ನಿನಗೆ ಬರೆಯುವಾಗ ದಾನಿಗಳ ಷರತ್ತು ಅಂದೆ. ನೀನು ಬೈಯುತ್ತೀ ಅನ್ನುವ ಹೆದರಿಕೆ, ಬೇರೇನೂ ಅಲ್ಲ.

ನಿನ್ನ ಕಾಗದ ಓದಿ ಆ ಹಿರಿಯಮ್ಮನ ಬಳಿ ಹೋದೆ. ಆ ಸಾಲನ್ನು ದಯವಿಟ್ಟು ತೆಗೆಯಿರಿ ಅಂತ ಬೇಡಿಕೊಂಡೆ. ಅವರಿಗೆ ಅರ್ಥವೇ ಆಗಲಿಲ್ಲ. ಫೈಲು ತರಿಸಿ ಹುಡುಕಿದರು. "ಇದು ನೀವು ಬರೆದಿದ್ದಲ್ವಾ?" ಅಂದರು. ಆಮೇಲೆ ಹೇಳಿದರು: "ಕಾಲು ಅಂದ ಮೇಲೆ ರಿಪೇರಿ ಬರಲ್ವಾ? ನಮ್ಮ ಯಜಮಾನರ ಹಲ್ಲಿನ ಸೆಟ್ಟೇ ವರ್ಷಕ್ಕೆ ನಾಲ್ಕು ಸಲ ಡಾಕ್ಟರ ಹತ್ತಿರ ಹೋಗ್ತಿತ್ತು. ನಿಮಗೆ ಗೊತ್ತಿರುತ್ತೆ, ಏನೋ ಹೊಸ ತರಹದ ಕಾಲು ಇರಬೇಕು ಅಂದ್ಕೊಂಡೆ." ಒಂಚೂರೂ ಗದರಲಿಲ್ಲ ಅಕ್ಕ. ಗದರಿದ್ದರೆ ಚೆನ್ನಾಗಿತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನೇ ಅಂತ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ಆ ಸಾಲನ್ನು ಅಲ್ಲೇ ಹೊಡೆದು ಹಾಕಿದರು. ರಿಪೇರಿಗೆ ಬೇರೆ ಹಣ ಕೊಡುತ್ತಾರೆ. ಕಾರ್ಯಾಗಾರಕ್ಕೆ ಬರಲಾರದವರ ಮನೆಗೆ ಹೋಗಿ ನೋಡುವುದಕ್ಕೂ ಕೊಡುತ್ತಾರೆ. ಈ ತಿಂಗಳಿನಿಂದಲೇ ಶುರು, ಕಾಗದ ಪತ್ರ ಇದರ ಜೊತೆ ಇದೆ. ಅವರು ಕೇಳಿದ್ದು ಒಂದೇ, ಮೊದಲ ಮನೆ ಭೇಟಿ ಹೇಗಾಯಿತು ಅಂತ ಎರಡು ಮಾತು ಬರೆಯಿರಿ ಅಂದರು. ಇದು ಮಾತ್ರ ನಿಜವಾಗಿ ಅವರೇ ಕೇಳಿದ್ದು.

ಉಳಿದ ಹದಿಮೂರು ಕಾರ್ಯಾಗಾರಗಳಿಗೆ ಆ ಗುರಿ ಆಗಲೇ ಹೋಗಿದೆ. ವಾಪಸ್ ತೆಗೆಸಲು ದಿನಾ ಒಂದೊಂದು ಕೋಣೆಗೆ ಹೋಗಿ ಹೇಳುತ್ತಿದ್ದೇನೆ. ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ಕೆಡಿಸುತ್ತೀ ಅನ್ನುತ್ತಾರೆ. ಮಧ್ಯಾಹ್ನ ಊಟದ ಮೇಜಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯಿರುತ್ತದೆ. ಮೊದಲೂ ಖಾಲಿಯೇ ಇರುತ್ತಿತ್ತು, ನಿನಗೆ ಹೇಳಿರಲಿಲ್ಲ. ಆರು ವರ್ಷದಲ್ಲಿ ಇಲ್ಲಿ ನನಗೆ ಒಬ್ಬ ಸ್ನೇಹಿತ ಸಿಕ್ಕಿಲ್ಲ. ನನ್ನ ಪಾಲಿಗೆ ಇದ್ದದ್ದು ನಿನ್ನ ಕಾಗದ, ಅದರಲ್ಲಿ ಬರುವ ನಿನ್ನ ರಿಪೇರಿ ಮೇಜಿನ ಜನ. ಅವರನ್ನೇ ನಾನು ಗೇಟಿನ ಹೊರಗೆ ನಿಲ್ಲಿಸಿದೆ.

ಬೈದು ಬರಿ. ಬರೆಯದೆ ಇರಬೇಡ.

ನಿನ್ನ ತಮ್ಮ


ಡಿಸೆಂಬರ್ ೧೮

ತಮ್ಮಾ,

ಬೈಯಲು ಕೂತೆ. ಒಂದು ಪುಟ ಬೈದೆ ಕೂಡ. ಆಮೇಲೆ ಓದಿ ನೋಡಿದರೆ ಅರ್ಧಕ್ಕರ್ಧ ನನಗೇ ಅನ್ವಯಿಸುತ್ತಿತ್ತು. ಸಾಲು ಬರೆದವನು ನೀನು, ಗೇಟು ಹಾಕಿಸಿದವಳು ನಾನು. ಬರೆದದ್ದನ್ನು ಬಂದು ನೋಡುವವರು ಯಾರಿದ್ದರು? ಐವತ್ತು ಜನರನ್ನು ಒಳಗೆ ಬಿಟ್ಟು ಐದು ಅಂತ ಬರೆಯಬಹುದಿತ್ತು. ಆ ಸುಳ್ಳು ನನಗೆ ಹೊಳೆಯಲೇ ಇಲ್ಲ. ಲೆಕ್ಕ ನಿಜವಿರಬೇಕು ಅಂತ ಜನರನ್ನೇ ಕಳಿಸಿಬಿಟ್ಟೆ.

ರಿಪೇರಿ ಮೇಜನ್ನು ಬಾಗಿಲ ಹತ್ತಿರ ತಂದು ಹಾಕಿ ಎರಡು ವಾರವಾಯಿತು. ಊರಲ್ಲೆಲ್ಲ ಹೇಳಿ ಕಳಿಸಿದ್ದೇನೆ. ಇದುವರೆಗೆ ಬಂದವರು ಮೂರು ಜನ. ಪಟ್ಟಿ ಮಾಮನ ಮನೆಗೂ ಹೋಗಿದ್ದೆ. ಕಣ್ಣು ಮಂಜಾಗಿದೆ, ದಾರ ಪೋಣಿಸೋಕೆ ಆಗಲ್ಲ ಅಂದ. ನಾನಿರುವಾಗಲೇ ಸೂಜಿಗೆ ದಾರ ಪೋಣಿಸಿ ತನ್ನ ಅಂಗಿಗೆ ಗುಂಡಿ ಹಾಕಿಕೊಂಡ. ಅಷ್ಟು ಸಾಕು, ಅರ್ಥವಾಯಿತು.

ಕಳೆದ ಭಾನುವಾರ ಬೆಳಿಗ್ಗೆ ಟೈಲರಮ್ಮನ ಮನೆಗೆ ಹೋದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ. ಅವಳೇ ಯಾವಾಗಲೂ ಬರುತ್ತಿದ್ದಳಲ್ಲ, ಆ ಮೆಟ್ಟಿಲು ಎಷ್ಟು ಕಡಿದು ಅಂತ ನನಗೆ ಗೊತ್ತೇ ಇರಲಿಲ್ಲ. ಬಾಗಿಲು ತೆಗೆದಳು. "ಬನ್ನಿ ಮೇಡಂ, ಕೂತ್ಕೊಳ್ಳಿ" ಅಂದಳು. ತಮಾಷೆಗೆ ಹಾಗಂದಳೇನೋ ಅಂತ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಬೇಡವೆಂದರೂ ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು, ಎಡಗೈಯಿಂದ ಒರೆಸಿ ಕೂರಿಸಿದಳು. ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿತ್ತು.

ನಾನು ನೆಲಕ್ಕಿಳಿದು ಕೂತು ಕಾಲನ್ನು ತೊಡೆಯ ಮೇಲಿಟ್ಟುಕೊಂಡೆ. ಸಡಿಲವಾದ ಮಂಡಿಗೆ ನೀಲಿ ಸಮವಸ್ತ್ರದ ಬಟ್ಟೆಯ ಪಟ್ಟಿಯನ್ನು ಸುತ್ತಿ ಹೊಲಿದುಕೊಂಡಿದ್ದಳು, ಎಡಗೈ ಹೊಲಿಗೆ, ಸೊಟ್ಟ ಸೊಟ್ಟ. ಅವಳ ಹೊಲಿಗೆ ಹಾಗಿರುತ್ತಿರಲಿಲ್ಲ. ಅದನ್ನು ಬಿಚ್ಚಿ, ಬೋಲ್ಟು ಬದಲಾಯಿಸಿ, ಎಣ್ಣೆ ಹಾಕಿ, ಎರಡು ಸಲ ನಡೆಸಿ ನೋಡಿದೆ. ಹತ್ತು ನಿಮಿಷ ಹಿಡಿಯಿತು. ಹತ್ತೇ ನಿಮಿಷದ ಕೆಲಸ, ತಮ್ಮಾ.

"ಅವತ್ತು ನಾನು ಒಳಗೇ ಇದ್ದೆ ಕಣೇ. ಕಿಟಕಿಯಿಂದ ನಿನ್ನ ನೋಡ್ತಾ ಇದ್ದೆ" ಅಂದೆ.

"ಗೊತ್ತು ಮೇಡಂ. ನಿಮ್ಮ ಬೂದು ಸ್ವೆಟರ್ ಕಾಣ್ತಿತ್ತು" ಅಂದಳು.

ಸ್ಪ್ಯಾನರನ್ನು ಒರೆಸಿ, ಮತ್ತೆ ಒರೆಸಿ ಚೀಲಕ್ಕೆ ಹಾಕಿದೆ. ಎದ್ದು ನಿಂತು, "ಇನ್ಮೇಲೆ ನೀನು ಮೆಟ್ಟಿಲಿಳಿದು ಬರೋದು ಬೇಡ. ತಿಂಗಳ ಮೊದಲ ಸೋಮವಾರ ನಾನೇ ಬಂದು ನೋಡ್ತೀನಿ" ಅಂದೆ. ಅವಳು ಕೇಳಿದಳು:

"ಯಾಕೆ ಮೇಡಂ, ಮನೆಗೆ ಬಂದು ನೋಡೋಕೂ ಈಗ ದುಡ್ಡು ಬಂದಿದೆಯಾ?"

ಚುಚ್ಚುವುದಕ್ಕೆ ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದಳು. ನಿನ್ನ ಕಾಗದ ನನ್ನ ಚೀಲದಲ್ಲೇ ಇತ್ತು. ನಾನು ದುಡ್ಡಿಗಾಗಿ ಬಂದವಳಲ್ಲ. ಆದರೆ ದುಡ್ಡು ಬರುವ ಮೊದಲು ಬರಲಿಲ್ಲ ಅನ್ನುವುದೂ ನಿಜ. ಎರಡು ತಿಂಗಳು ವಿಷಯ ಗೊತ್ತಿದ್ದೂ ಬರಲಿಲ್ಲ.

"ಬಂದಿದೆ" ಅಂದೆ.

"ಹಾಗಾದ್ರೆ ಬನ್ನಿ" ಅಂದಳು. "ನಿಮ್ಮ ಕೆಲಸ ನಿಮಗೆ ಆಗಬೇಕಲ್ಲ."

ಬಾಗಿಲ ತನಕ ಬಂದು ಬೀಳ್ಕೊಟ್ಟಳು. ನಾನು ಕೆಳಗಿಳಿಯುವವರೆಗೂ ನಿಂತಿದ್ದು, "ನಿಧಾನ ಮೇಡಂ, ನಾಲ್ಕನೇ ಮೆಟ್ಟಿಲು ಸರಿಯಿಲ್ಲ" ಅಂತ ಎಚ್ಚರಿಕೆ ಹೇಳಿದಳು.

ನಿನ್ನ ಹಿರಿಯಮ್ಮ ಕೇಳಿದ್ದಾರಲ್ಲ, ಮೊದಲ ಮನೆ ಭೇಟಿ ಹೇಗಾಯಿತು ಅಂತ. ಮಂಡಿ ಸರಿಹೋಯಿತು ಅಂತ ಬರಿ. ಅಷ್ಟು ನಿಜ.

ಅಕ್ಕ